ಸ್ಕ್ರಿಪ್ಟ್ ಸೇರ್ಪಡೆ ಮತ್ತು ಚಾಲನೆ

ಜಾಲಪುಟಕ್ಕೆ ಸ್ಕ್ರಿಪ್ಟ್ ಎಲಿಮೆಂಟ್ ಒಂದು ಸೇರಿದಾಗ ಅದರಲ್ಲಿರುವ ಜಾವಾಸ್ಕ್ರಿಪ್ಟ್ ಕೋಡನ್ನು ಓಡಿಸಬೇಕೇ, ಓಡಿಸುವುದಾದರೆ ಯಾವಾಗ ಎಂಬುದನ್ನು ಬ್ರೌಸರ್ ತೀರ್ಮಾನಿಸುವ ಕ್ರಮ. ನಿಯಮಗಳು ಎಚ್‌ಟಿಎಂಎಲ್ ಮಾನದಂಡದಲ್ಲಿವೆ. ಕೋಡಿನಲ್ಲಿ ಏನು ಬರೆದಿದೆ ಎನ್ನುವುದಕ್ಕಿಂತ ಅದು ಪುಟದೊಳಕ್ಕೆ ಯಾವ ದಾರಿಯಿಂದ ಬಂತು ಎನ್ನುವುದೇ ಇಲ್ಲಿ ಹೆಚ್ಚು ಮುಖ್ಯ. ಅದೇ ಕೋಡು ಒಂದು ದಾರಿಯಲ್ಲಿ ಬಂದರೆ ತಕ್ಷಣ ಓಡುತ್ತದೆ, ಇನ್ನೊಂದರಲ್ಲಿ ತಡವಾಗಿ, ಮತ್ತೊಂದರಲ್ಲಿ ಓಡುವುದೇ ಇಲ್ಲ.

ಹಳೆಯ ದಾರಿ ಪಾರ್ಸರ್‌ನದು. ಸರ್ವರ್‌ನಿಂದ ಬಂದ ಎಚ್‌ಟಿಎಂಎಲ್ ಪಠ್ಯವನ್ನು ಓದುತ್ತಾ ಹೋಗುವ ಪಾರ್ಸರ್, ಸಾಧಾರಣ ಸ್ಕ್ರಿಪ್ಟಿನ ಮುಕ್ತಾಯದ ಟ್ಯಾಗ್ ಸಿಕ್ಕಿದೊಡನೆ ನಿಲ್ಲುತ್ತದೆ. ಕೋಡು ಬೇರೆ ಕಡತದಲ್ಲಿದ್ದರೆ ಅದು ಬರುವವರೆಗೂ ಕಾಯುತ್ತದೆ. ಕಾಯಲು ಕಾರಣ ಡಾಕ್ಯುಮೆಂಟ್.ರೈಟ್. ಪಾರ್ಸರ್ ಇನ್ನೂ ಓದದ ಪಠ್ಯದ ಮುಂದಕ್ಕೆ ಹೊಸ ಪಠ್ಯವನ್ನು ತುರುಕುವ ಅಧಿಕಾರ ಈ ಆಜ್ಞೆಗಿದೆ, ಹಾಗಾಗಿ ಸ್ಕ್ರಿಪ್ಟ್ ಮುಗಿಯದೆ ಮುಂದೇನಿದೆ ಎಂದು ಖಚಿತವಾಗಿ ಹೇಳಲಾಗದು. ಡಿಫರ್ ಮತ್ತು ಅಸಿಂಕ್ ಗುಣಗಳು ಬಂದದ್ದು ಈ ಕಾಯುವಿಕೆಯನ್ನು ತಪ್ಪಿಸಲು.

ಎರಡನೆಯ ದಾರಿಯಲ್ಲಿ, ಆಗಲೇ ಓಡುತ್ತಿರುವ ಕೋಡು ಕ್ರಿಯೇಟ್‌ಎಲಿಮೆಂಟ್ ಮೂಲಕ ಹೊಸ ಸ್ಕ್ರಿಪ್ಟ್ ಎಲಿಮೆಂಟ್ ಸೃಷ್ಟಿಸಿ ಅಪೆಂಡ್‌ಚೈಲ್ಡ್‌ನಿಂದ ಪುಟಕ್ಕೆ ಸೇರಿಸುತ್ತದೆ. ಕೋಡು ಎಲಿಮೆಂಟಿನ ಒಳಗೇ ಇದ್ದರೆ ಅಪೆಂಡ್‌ಚೈಲ್ಡ್‌ನ ಮುಂದಿನ ಸಾಲಿಗೆ ಬರುವ ಮೊದಲೇ ಅದು ಓಡಿ ಮುಗಿದಿರುತ್ತದೆ (ಮಾಡ್ಯೂಲ್ ಮಾದರಿಯ ಸ್ಕ್ರಿಪ್ಟಿಗೆ ಇದು ಅನ್ವಯಿಸದು). ಬೇರೆ ಕಡತದ ಕೋಡಾದರೆ ಯಾವುದು ಮೊದಲು ಬಂತೋ ಅದು ಮೊದಲು ಓಡುತ್ತದೆ, ಸೇರಿಸಿದ ಸರದಿಗೆ ಬೆಲೆಯಿಲ್ಲ. ಇದು ಮೊದಲಿನಿಂದ ಹೀಗಿರಲಿಲ್ಲ. ಫೈರ್‌ಫಾಕ್ಸ್ ಮತ್ತು ಒಪೆರಾ ಸರದಿಯನ್ನು ಪಾಲಿಸುತ್ತಿದ್ದವು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಮತ್ತು ವೆಬ್‌ಕಿಟ್ ಪಾಲಿಸುತ್ತಿರಲಿಲ್ಲ. 2011ರಲ್ಲಿ ಬಂದ ಫೈರ್‌ಫಾಕ್ಸ್ 4 ಎರಡನೆಯ ಗುಂಪಿಗೆ ಸೇರಿಕೊಂಡಿತು. ಸರದಿಯನ್ನೇ ನಂಬಿದ್ದ ಲ್ಯಾಬ್‌ಜೆಎಸ್‌ನಂಥ ಲೋಡರ್‌ಗಳು ಇದರಿಂದ ಪೇಚಿಗೆ ಸಿಕ್ಕವು. ಆ ಜಗ್ಗಾಟದ ಫಲವಾಗಿ ಹುಟ್ಟಿದ ಒಪ್ಪಂದ ಇಂದಿಗೂ ಜಾರಿಯಲ್ಲಿದೆ: ಎಲಿಮೆಂಟಿನ ಅಸಿಂಕ್ ಗುಣವನ್ನು ಕೋಡಿನಲ್ಲೇ ಫಾಲ್ಸ್ ಮಾಡಿಟ್ಟರೆ ಅಂಥ ಸ್ಕ್ರಿಪ್ಟ್‌ಗಳು ಸೇರಿಸಿದ ಕ್ರಮದಲ್ಲೇ ಓಡುತ್ತವೆ.

ಹೊಸಬರು ಎಡವುವುದು ಮೂರನೆಯ ದಾರಿಯಲ್ಲಿ. ಮೈಕ್ರೋಸಾಫ್ಟ್ 1997ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 4ರ ಜೊತೆ ತಂದ ಇನ್ನರ್‌ಎಚ್‌ಟಿಎಂಎಲ್‌ಗೆ ಸ್ಕ್ರಿಪ್ಟ್ ಟ್ಯಾಗ್ ಇರುವ ಪಠ್ಯ ಕೊಟ್ಟರೆ ಎಲಿಮೆಂಟ್ ಪುಟದಲ್ಲಿ ಕಾಣಿಸಿಕೊಳ್ಳುತ್ತದೆ, ಕೋಡು ಮಾತ್ರ ಓಡುವುದಿಲ್ಲ. ಪ್ರತಿ ಸ್ಕ್ರಿಪ್ಟ್ ಎಲಿಮೆಂಟಿಗೂ ‘ಈಗಾಗಲೇ ಶುರುವಾಗಿದೆ’ ಎಂಬ ಗುರುತೊಂದನ್ನು ಬ್ರೌಸರ್ ಇಟ್ಟುಕೊಂಡಿರುತ್ತದೆ. ಸಾಮಾನ್ಯವಾಗಿ ಓಡಲು ಹೊರಟಾಗ ಬೀಳುವ ಈ ಗುರುತು, ಇನ್ನರ್‌ಎಚ್‌ಟಿಎಂಎಲ್‌ನಿಂದ ಬಂದವಕ್ಕೆ ಹುಟ್ಟುವಾಗಲೇ ಬಿದ್ದಿರುತ್ತದೆ. ಕಂಡಕ್ಟರ್ ಪಂಚ್ ಮಾಡಿದ ಟಿಕೆಟ್ಟಿನಂತೆ ಅದು ಮತ್ತೆ ನಡೆಯದು. ಎಲಿಮೆಂಟನ್ನು ಕಿತ್ತು ಬೇರೆಡೆ ಸೇರಿಸಿದರೂ ಅಷ್ಟೆ, ನಕಲು ಮಾಡಿದರೆ ಗುರುತೂ ನಕಲಾಗುತ್ತದೆ. ಹೀಗಾಗಿ ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯ ಎಚ್‌ಟಿಎಂಎಲ್ ವಿಧಾನ ಪಠ್ಯದಲ್ಲಿನ ಸ್ಕ್ರಿಪ್ಟ್‌ಗಳನ್ನು ಹುಡುಕಿ, ಅವುಗಳ ಕೋಡನ್ನು ಹೊಸ ಎಲಿಮೆಂಟಿಗೆ ತುಂಬಿ ಓಡಿಸುತ್ತದೆ. ಕ್ರಿಯೇಟ್‌ಕಾಂಟೆಕ್ಸ್ಚುಯಲ್‌ಫ್ರ್ಯಾಗ್‌ಮೆಂಟ್ ಎಂಬ ವಿಧಾನವಾದರೋ ಪಠ್ಯದಿಂದಲೇ ಎಲಿಮೆಂಟ್ ಕಟ್ಟಿದರೂ ಆ ಗುರುತನ್ನು ಅಳಿಸಿ ಕೊಡುತ್ತದೆ.

ಇನ್ನರ್‌ಎಚ್‌ಟಿಎಂಎಲ್‌ನ ಈ ನಡವಳಿಕೆಯನ್ನು ಭದ್ರತೆಯ ಬೇಲಿ ಎಂದುಕೊಳ್ಳುವವರಿದ್ದಾರೆ. ಹಾಗೇನಿಲ್ಲ. ಇಲ್ಲದ ಚಿತ್ರದ ವಿಳಾಸ ಕೊಟ್ಟು ಆನ್‌ಎರರ್ ಗುಣದಲ್ಲಿ ಕೋಡು ಬರೆದ ಇಮೇಜ್ ಟ್ಯಾಗ್ ಅದೇ ದಾರಿಯಲ್ಲಿ ಬಂದು ಸಲೀಸಾಗಿ ಕೋಡನ್ನು ಓಡಿಸುತ್ತದೆ. ಹೊರಗಿನವರು ಬರೆದ ಪಠ್ಯವನ್ನು ಶುದ್ಧಗೊಳಿಸದೆ ಇನ್ನರ್‌ಎಚ್‌ಟಿಎಂಎಲ್‌ಗೆ ಕೊಡುವುದು ಎಂದಿನಷ್ಟೇ ಅಪಾಯ.

ಹಲವು ಎಲಿಮೆಂಟ್‌ಗಳನ್ನು ಒಂದೇ ಏಟಿಗೆ ಸೇರಿಸಿದಾಗ ಇನ್ನೊಂದು ಸೂಕ್ಷ್ಮ ಎದುರಾಗುತ್ತದೆ. ಮೊದಲ ಸ್ಕ್ರಿಪ್ಟ್ ಓಡುವಾಗ ಅದರ ಹಿಂದಿರುವವು ಪುಟದಲ್ಲಿವೆಯೇ? ಪುಟದ ಎಲಿಮೆಂಟ್‌ಗಳ ರಚನೆಯನ್ನು ವಿವರಿಸುವ ಈಗಿನ ಡಾಮ್ ಮಾನದಂಡದ ಪ್ರಕಾರ ಎಲ್ಲವೂ ಮೊದಲು ಪುಟ ಸೇರುತ್ತವೆ, ಸ್ಕ್ರಿಪ್ಟ್‌ಗಳು ಓಡುವುದು ಆಮೇಲೆ. ಮೊದಲನೆಯದು ಎರಡನೆಯದನ್ನು ಪುಟದಿಂದ ಕಿತ್ತುಹಾಕಿದರೆ ಎರಡನೆಯದು ಓಡುವುದಿಲ್ಲ. ಬಹುಕಾಲ ಬ್ರೌಸರ್‌ಗಳ ನಡುವೆ ಈ ವಿಷಯದಲ್ಲಿ ಹೊಂದಾಣಿಕೆ ಇರಲಿಲ್ಲ.

ಸ್ಕ್ರಿಪ್ಟ್ ಬಂದ ದಾರಿಯನ್ನು ನೆನಪಿಡುವ ಈ ವ್ಯವಸ್ಥೆಗೆ ಈಚೆಗೆ ಭದ್ರತೆಯ ಕೆಲಸವೂ ಸಿಕ್ಕಿದೆ. ಪುಟದಲ್ಲಿ ಯಾವ ಕೋಡು ಓಡಬಹುದು ಎಂದು ಬ್ರೌಸರ್‌ಗೆ ತಿಳಿಸುವ ಕಂಟೆಂಟ್ ಸೆಕ್ಯುರಿಟಿ ಪಾಲಿಸಿಯ ಸ್ಟ್ರಿಕ್ಟ್-ಡೈನಮಿಕ್ ಆಯ್ಕೆಯಲ್ಲಿ, ನಂಬಿಕೆಗೆ ಪಾತ್ರವಾದ ಸ್ಕ್ರಿಪ್ಟ್ ಕ್ರಿಯೇಟ್‌ಎಲಿಮೆಂಟ್ ಮೂಲಕ ಕರೆತಂದ ಕಡತಕ್ಕೆ ಅನುಮತಿ ಉಂಟು. ಅದೇ ಸ್ಕ್ರಿಪ್ಟ್ ಡಾಕ್ಯುಮೆಂಟ್.ರೈಟ್ ಮೂಲಕ ಬರೆದದ್ದಕ್ಕೆ ಆ ರಿಯಾಯಿತಿ ಇಲ್ಲ, ಏಕೆಂದರೆ ಅದನ್ನು ಪುಟಕ್ಕೆ ಸೇರಿಸಿದ್ದು ಪಾರ್ಸರ್.