ಬಯಲೂ ಬಾಗಿಲೂ

ಊರಿನ ಕ್ರಿಕೆಟ್ ಕೂಟಗಳಿಗೆ ಎಳೆಯರು ಬರುತ್ತಿಲ್ಲವೆಂದು ಹಿರಿಯರು ಕೊರಗುವುದುಂಟು. ಹುಡುಗರಲ್ಲಿ ಆಟದ ಆಸೆಯೇ ಇಂಗಿತೆಂದೂ, ಅವರನ್ನು ಪುಸಲಾಯಿಸಿ ಕರೆತರಬೇಕೆಂದೂ ಅವರ ಅಭಿಪ್ರಾಯ. ಆದರೆ ನಮ್ಮ ದೇಶದವರು ಕ್ರಿಕೆಟ್ಟನ್ನು ಮೊದಲು ತಮ್ಮದಾಗಿಸಿಕೊಂಡ ಮುಂಬಯಿ ಪ್ರಾಂತದ ಚರಿತ್ರೆ ಬೇರೆಯೇ ಮಾತನ್ನು ಹೇಳುತ್ತದೆ. ಅಲ್ಲಿ ಹುಡುಗರಿಗೆ ಆಸೆಯ ಕೊರತೆ ಎಂದೂ ಇರಲಿಲ್ಲ. ಕೊರತೆಯಿದ್ದುದು ಆಡುವ ಬಯಲಿಗೆ, ಮತ್ತು ಆ ಬಯಲಿನೊಳಕ್ಕೆ ಬಿಡುವ ಬಾಗಿಲಿಗೆ.

ಮುಂಬಯಿ ಕೋಟೆಯ ಹೊರಗಣ ಎಸ್ಪ್ಲನೇಡ್ ಬಯಲಿನಲ್ಲಿ ಆಂಗ್ಲ ಸೈನಿಕರು ಆಡುತ್ತಿದ್ದುದನ್ನು ಕಂಡು ಪಾರ್ಸಿ ಹುಡುಗರು ತಾವೂ ದಾಂಡು ಹಿಡಿದರು. ೧೮೪೮ರಲ್ಲಿ ಅವರ ಓರಿಯೆಂಟಲ್ ಕ್ಲಬ್ ಹುಟ್ಟಿತು. ಎರಡು ವರ್ಷಗಳಲ್ಲಿ ಜೊರಾಸ್ಟ್ರಿಯನ್ ಕ್ಲಬ್ ತಲೆಯೆತ್ತಿತು. ೧೮೬೬ರಲ್ಲಿ ಹಿಂದೂ ತರುಣರೂ ತಮ್ಮದೊಂದು ಕ್ಲಬ್ಬನ್ನು ಕಟ್ಟಿದರು. ಕ್ಲಬ್ಬುಗಳು ಹೆಚ್ಚಿದವೇ ಹೊರತು ಆಡುವ ನೆಲ ಹೆಚ್ಚಲಿಲ್ಲ. ಬಿಳಿಯರಿಗೆ ಮಾತ್ರ ಮೀಸಲಾದ ಬಾಂಬೆ ಜಿಮಖಾನೆ ತನಗೆ ಬೇರೆ ಅಂಗಳವಿದ್ದರೂ ಭಾರತೀಯರು ಆಡುತ್ತಿದ್ದ ಬಯಲಿನಲ್ಲೇ ಪೋಲೊ ಆಡುತ್ತಿತ್ತು. ಕುದುರೆಗಳ ಗೊರಸಿಗೆ ಸಿಕ್ಕ ನೆಲದಲ್ಲಿ ಚೆಂಡು ಎತ್ತ ಪುಟಿಯುವುದೆಂದು ಹೇಳಬಲ್ಲವರಾರು? ೧೮೮೦ರ ದಶಕದ ಮೊದಲಲ್ಲಿ ಶಾಪೂರ್ಜಿ ಸೊರಾಬ್ಜಿ ಮೊದಲಾದವರು ಸರಕಾರಕ್ಕೆ ಅರ್ಜಿಯ ಮೇಲೆ ಅರ್ಜಿ ಬರೆದರು. ಒಮ್ಮೆ ಗೆದ್ದರು, ಮತ್ತೆ ಸೋತರು. ಕಡೆಗೆ ಸಮುದ್ರದಂಡೆಯಲ್ಲಿ ಪಾರ್ಸಿ, ಹಿಂದೂ, ಮುಸ್ಲಿಂ ಜಿಮಖಾನೆಗಳಿಗೆ ಬೇರೆ ಬೇರೆಯಾಗಿ ನೆಲ ದೊರೆಯಿತು.

ಬಯಲು ಸಿಕ್ಕಿತು, ನಿಜ. ಆದರೆ ಬಾಗಿಲು ಎಲ್ಲರಿಗೂ ತೆರೆಯಿತೇ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಪಾಲ್ವಣಕರ ಬಾಲೂ ಅವರ ಬಾಳನ್ನು ನೋಡಬೇಕು. ೧೮೭೦ರ ದಶಕದಲ್ಲಿ ಅವರು ಹುಟ್ಟಿದುದು ನಮ್ಮ ಧಾರವಾಡದಲ್ಲಿ. ಸಮಾಜವು ಅಸ್ಪೃಶ್ಯವೆಂದು ದೂರವಿಟ್ಟಿದ್ದ ಚರ್ಮಕಾರ ಕುಲದಲ್ಲಿ. ತಂದೆ ಸೈನ್ಯದ ನೌಕರಿಯಲ್ಲಿದ್ದುದರಿಂದ ಬಾಲೂ ಬೆಳೆದುದು ಪುಣೆಯಲ್ಲಿ. ಅಧಿಕಾರಿಗಳು ಬಳಸಿ ಬಿಟ್ಟ ದಾಂಡು-ಚೆಂಡುಗಳಿಂದಲೇ ಅವರೂ ತಮ್ಮಂದಿರೂ ಆಟ ಕಲಿತರು. ಹದಿಹರೆಯದಲ್ಲಿ ಪಾರ್ಸಿಗಳ ಕ್ಲಬ್ಬೊಂದರಲ್ಲಿ ಅಂಗಳ ಗುಡಿಸಿ ರೋಲರ್ ಎಳೆಯುವ ಕೆಲಸ. ಸಂಬಳ ತಿಂಗಳಿಗೆ ೩ ರೂಪಾಯಿ. ಅಲ್ಲಿಂದ ಪುಣೆಯ ಆಂಗ್ಲರ ಕ್ಲಬ್ಬಿಗೆ ಹೋದಾಗ ೪ ರೂಪಾಯಿ ಆಯಿತು. ಅಲ್ಲಿ ದೊರೆಗಳ ಅಭ್ಯಾಸಕ್ಕೆಂದು ಚೆಂಡೆಸೆಯುವ ಅವಕಾಶವೂ ಒದಗಿತು. ನೂರಾರು ತಾಸು ಎಸೆದರು. ಆದರೆ ದಾಂಡು ಹಿಡಿಯುವ ಸರದಿ ಅವರಿಗೆ ಬರಲಿಲ್ಲ.

ಎಡಗೈಯ ನಿಧಾನ ಬೌಲಿಂಗಿನಲ್ಲಿ ಅವರಿಗೆ ಸಾಟಿಯಿಲ್ಲವೆಂಬುದು ಬಯಲಾದ ಮೇಲೆ ಪುಣೆಯ ಹಿಂದೂ ತಂಡ ಅವರನ್ನು ಸೇರಿಸಿಕೊಂಡಿತು. ಅಂಗಳದಲ್ಲಿ ಎಲ್ಲರೂ ಮುಟ್ಟಿದ ಚೆಂಡನ್ನೇ ಅವರೂ ಮುಟ್ಟಬಹುದಾಗಿತ್ತು; ಚಹಾದ ಹೊತ್ತಿಗೆ ಮಾತ್ರ ಹೊರಗೆ ಕುಳಿತು ಮಣ್ಣಿನ ಕುಡಿಕೆಯಲ್ಲಿ ಕುಡಿಯಬೇಕಾಗಿತ್ತು. ೧೯೧೧ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ಅವರು ನೂರಕ್ಕೂ ಹೆಚ್ಚು ವಿಕೆಟ್ಟುಗಳನ್ನು ಕಿತ್ತರು. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಒಲಿಯಲಿಲ್ಲ. ಅದು ೧೯೨೩ರಲ್ಲಿ ತಮ್ಮ ವಿಠಲರಿಗೆ ಸಂದಿತು. ಬಾಲೂ ಒಬ್ಬರು ಹೇಗೋ ಒಳಗೆ ಬಂದರು. ಬಾಗಿಲಲ್ಲೇ ನಿಂತು ಹಿಂದಿರುಗಿದ ಹುಡುಗರೆಷ್ಟೋ!

ಹುಡುಗರಿಗಾಗಿಯೇ ಒಂದು ಬಾಗಿಲನ್ನು ತೆರೆದದ್ದು ಶಾಲೆಗಳ ಪಂದ್ಯಾವಳಿ. ೧೯ನೆಯ ಶತಮಾನದ ಕೊನೆಯ ದಶಕದಲ್ಲಿ ಮುಂಬಯಿಯಲ್ಲಿ ಹ್ಯಾರಿಸ್ ಶೀಲ್ಡ್ ಆರಂಭವಾಯಿತು. ಅದರ ಹಿಂದೆಯೇ ಇನ್ನೂ ಎಳೆಯರಿಗೆಂದು ಗೈಲ್ಸ್ ಶೀಲ್ಡ್ ಬಂತು. ಕ್ಲಬ್ಬಿನ ಚಂದಾ ಕೊಡಲಾರದ ಮನೆಯ ಹುಡುಗನೂ ಶಾಲೆಯ ಹೆಸರಿನಲ್ಲಿ ಅಂಗಳಕ್ಕಿಳಿಯಬಹುದಾಯಿತು. ೧೯೮೮ರ ಫೆಬ್ರವರಿಯಲ್ಲಿ ೧೪ ವರ್ಷದ ಸಚಿನ್ ತೆಂಡೂಲ್ಕರ್, ೧೬ರ ವಿನೋದ್ ಕಾಂಬ್ಳಿ ಮುರಿಯದ ಜೊತೆಯಾಟದಲ್ಲಿ ೬೬೪ ರನ್ನು ಕೂಡಿಸಿದುದು ಈ ಹ್ಯಾರಿಸ್ ಶೀಲ್ಡಿನಲ್ಲಿಯೇ. ಆಡಿದ ನೆಲ ಆಜಾದ್ ಮೈದಾನ. ಆ ಹಳೆಯ ಎಸ್ಪ್ಲನೇಡ್ ಬಯಲಿನದೇ ಒಂದು ತುಣುಕು!

೧೯೪೮ರಲ್ಲಿ ತೊಡಗಿದ ಕಾಂಗಾ ಲೀಗ್ ಇನ್ನೊಂದು ಉಪಕಾರ ಮಾಡಿತು. ಇದು ಮಳೆಗಾಲದ ಆಟ. ನೆನೆದ ನೆಲ, ಎಲ್ಲೆಂದರಲ್ಲಿ ಪುಟಿಯುವ ಚೆಂಡು. ತಂಡಗಳನ್ನು ಯೋಗ್ಯತೆಗೆ ತಕ್ಕಂತೆ ಹಲವು ದರ್ಜೆಗಳಾಗಿ ವಿಂಗಡಿಸಿದ್ದರಿಂದ, ಕೆಳಗಿನ ಮೆಟ್ಟಿಲಲ್ಲಿ ಸೇರಿದ ಹುಡುಗ ಕಚೇರಿಯ ಗುಮಾಸ್ತರ, ನುರಿತ ಹಿರಿಯರ ಎದುರು ಆಡುತ್ತ ಮೇಲೇರಬಹುದು. ಇದಕ್ಕಿಂತ ಒಳ್ಳೆಯ ಪಾಠಶಾಲೆ ಯಾವುದಿದ್ದೀತು?

ಹೆಣ್ಣುಮಕ್ಕಳ ಪಾಲಿಗಂತೂ ಬಾಗಿಲು ಬಹಳ ತಡವಾಗಿ ತೆರೆಯಿತು. ಅವರ ಕ್ರಿಕೆಟ್ಟಿಗೆ ಅಖಿಲ ಭಾರತ ಸಂಸ್ಥೆಯೊಂದು ಹುಟ್ಟಿದುದು ೧೯೭೩ರಲ್ಲಿ. ೧೯೭೬ರಲ್ಲಿ ಭಾರತದ ವನಿತೆಯರು ಮೊದಲ ಟೆಸ್ಟ್ ಆಡಿದರು. ಸ್ಥಳ ನಮ್ಮ ಬೆಂಗಳೂರು, ನಾಯಕಿ ಬೆಂಗಳೂರಿನವರೇ ಆದ ಶಾಂತಾ ರಂಗಸ್ವಾಮಿ. ಓರಿಯೆಂಟಲ್ ಕ್ಲಬ್ ಹುಟ್ಟಿ ಆಗಲೇ ೧೨೮ ವರ್ಷಗಳು ಸಂದಿದ್ದವು.

ಎಳೆಯರನ್ನು ಆಟಕ್ಕೆ ಕರೆಯಬೇಕೆನ್ನುವವರು ಭಾಷಣ, ಬಹುಮಾನಗಳಿಗಿಂತ ಮೊದಲು ಮೂರು ಕೆಲಸಗಳನ್ನು ಮಾಡಬೇಕು: ಬಡಾವಣೆಯ ಬಯಲನ್ನು ನಿವೇಶನವಾಗದಂತೆ ಉಳಿಸುವುದು, ಶಾಲೆಶಾಲೆಗಳ ನಡುವೆ ವರ್ಷವರ್ಷವೂ ತಪ್ಪದೆ ಪಂದ್ಯ ನಡೆಸುವುದು, ಬಂದ ಮಗುವಿನ ಮನೆತನವನ್ನು ಕೇಳದೆ ಕೈಗೆ ದಾಂಡು ಕೊಡುವುದು. ಇಷ್ಟಾದರೆ ಹುಡುಗರೂ ಹುಡುಗಿಯರೂ ತಾವಾಗಿಯೇ ಬರುತ್ತಾರೆ.