12 ಮಿಲಿಮೀಟರಿನ ಗುಬ್ಬಿ ಲೈನು

ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಚಂದಣ್ಣ ಮತ್ತು ಅಬ್ದುಲ್ ಅಜೀಜ್ ಸಾಹೇಬರು ಗುಬ್ಬಿಯಲ್ಲಿ ನಾಟಕ ಕಂಪನಿ ಕಟ್ಟಿದ್ದೂ ಅದೇ ವರ್ಷ. ನಾಟಕದ ಕಥೆ ನಾಡಿಗೆಲ್ಲ ಗೊತ್ತು, ಆ ಕಂಪನಿಯ ಗುಬ್ಬಿ ವೀರಣ್ಣನವರ ಹೆಸರೊಂದೇ ಸಾಕು. ನಮ್ಮ ರೈಲಿನ ಕಥೆ ಹೇಳುವವರು ಮಾತ್ರ ಕಡಿಮೆ. ನನಗೆ ಆ ಕಥೆ ಬಿಡಿಬಿಡಿಯಾಗಿ ಸಿಕ್ಕಿದ್ದು ಹಳೆಯ ಪುಟ್ಟ ಮಾಡೆಲ್ ರೈಲುಗಳನ್ನು ಕೊಳ್ಳುತ್ತಾ ಹೋದಾಗ.

1876–78ರ ಧಾತು ಈಶ್ವರ ಬರದಲ್ಲಿ ಮದ್ರಾಸಿನ ಕಡೆಯಿಂದ ಬೆಂಗಳೂರಿನವರೆಗೆ ಧಾನ್ಯ ರೈಲಿನಲ್ಲಿ ಬಂದರೂ ಒಳನಾಡಿಗೆ ಎತ್ತಿನ ಗಾಡಿಯೇ ಗತಿಯಾಗಿತ್ತು. ಬರದಲ್ಲಿ ಎತ್ತುಗಳೂ ಸತ್ತಿದ್ದವು. ಆ ಪಾಠ ಕಲಿತ ಮೈಸೂರು ಸರ್ಕಾರ ಖರ್ಚು ಕಡಿಮೆಯಾಗಲೆಂದು ಕಂಬಿಗಳ ನಡುವೆ ಒಂದೇ ಮೀಟರ್ ಅಂತರವಿಟ್ಟು ದಾರಿ ಹಾಕಿತು. 1886ರಲ್ಲಿ ಲೈನು ಸದರ್ನ್ ಮರಾಠ ಕಂಪನಿಯ ಕೈಗೆ ಹೋಯಿತು, 1889ರಲ್ಲಿ ಹರಿಹರ ಮುಟ್ಟಿತು. 1938ರಲ್ಲಿ ಮತ್ತೆ ಮೈಸೂರು ಸಂಸ್ಥಾನದ ವಶಕ್ಕೆ ಬಂದು, 1951ರಲ್ಲಿ ದಕ್ಷಿಣ ರೈಲ್ವೆಯೊಳಗೆ ಸೇರಿತು.

ಆ ಒಂದು ಮೀಟರ್ ನಮ್ಮೂರುಗಳ ವ್ಯಾಪಾರವನ್ನೂ ಅಳೆಯಿತು. ಮದ್ರಾಸಿನ ಕಡೆಯ ಲೈನು ಇನ್ನೂ ಅಗಲದ ಬ್ರಾಡ್ ಗೇಜು. ಗುಬ್ಬಿಯ ಅಡಿಕೆ, ತಿಪಟೂರಿನ ಕೊಬ್ಬರಿ ಆ ಕಡೆ ಹೋಗಬೇಕಾದರೆ ಬೆಂಗಳೂರಿನಲ್ಲಿ ಮೂಟೆ ಮೂಟೆಯಾಗಿ ಇಳಿದು ಇನ್ನೊಂದು ವ್ಯಾಗನ್ನಿಗೆ ಏರಬೇಕಿತ್ತು. ಹುಬ್ಬಳ್ಳಿಯ ಕಡೆಗಾದರೆ ಹತ್ತಿಸಿದ ವ್ಯಾಗನ್ನೇ ನೇರವಾಗಿ ಹೋಗುತ್ತಿತ್ತು. ನಮ್ಮಪ್ಪ ಗುಬ್ಬಿ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್. ನಿಟ್ಟೂರು ಬಿಟ್ಟ ಗಾಡಿಗೆ ಕೈಮರ ಇಳಿಸುವುದು, ಟೋಕನ್ ಬಳೆ ಎತ್ತಿ ಹಿಡಿಯುವುದು ಅವರ ಕೆಲಸ. ವೈಪಿ ಎಂಬ ಮೀಟರ್ ಗೇಜ್ ಉಗಿ ಇಂಜಿನ್ನನ್ನು ನಾನು ಮೊದಲು ಅವರ ಪಕ್ಕದಲ್ಲಿ ನಿಂತು ನೋಡಿದೆ. ಮುಂದೆ ನಾಲ್ಕು ಸಣ್ಣ ಗಾಲಿ, ನಡುವೆ ಆರು ದೊಡ್ಡ ಗಾಲಿ, ಹಿಂದೆ ಎರಡು. ಜಮ್ಶೆಡ್‌ಪುರದ ಟೆಲ್ಕೊ ಈ ಜಾತಿಯ ಇಂಜಿನ್ನುಗಳನ್ನು 1970ರ ತನಕ ಕಟ್ಟಿತು. 1990ರ ದಶಕದಲ್ಲಿ ಲೈನು ಬ್ರಾಡ್ ಗೇಜ್ ಆದಾಗ ಹಳೆಯ ಕಂಬಿಯೆಲ್ಲ ಎದ್ದುಹೋಯಿತು.

ಅಂತರಸನಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ನಡೆಸಿ ಬದುಕಿದ ನನಗೆ ಆ ಗಾಡಿ ಮತ್ತೆ ಓಡುವುದನ್ನು ನೋಡಬೇಕೆನಿಸಿತು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ವಿದೇಶಿ ಮಾಡೆಲ್ ರೈಲಿನ ಕಂಬಿ 16.5 ಮಿಲಿಮೀಟರ್. ಅದು ಯುರೋಪಿನ 1435 ಮಿಲಿಮೀಟರ್ ಗೇಜನ್ನು 87 ಪಾಲು ಚಿಕ್ಕದು ಮಾಡಿದ ಅಳತೆ. ನಮ್ಮ ಬ್ರಾಡ್ ಗೇಜನ್ನು ಹಾಗೆ ಇಳಿಸಿದರೆ 19 ಮಿಲಿಮೀಟರ್ ದಾಟುತ್ತದೆ, ಮೀಟರ್ ಗೇಜಿಗೆ ಹನ್ನೊಂದೂವರೆ ಸಾಕು. ಅಂದರೆ ಆ ಪೆಟ್ಟಿಗೆಯ ರೈಲು ನಮ್ಮ ಎರಡು ಗೇಜಿಗೂ ಸೇರದು. ನಮಗೆ ಹತ್ತಿರ ಬರುವುದು 12 ಮಿಲಿಮೀಟರಿನ ಕಂಬಿ.

ಈ ಅಳತೆಯೇ ನನ್ನನ್ನು ಸೆಕೆಂಡ್ ಹ್ಯಾಂಡ್ ಮಾಲಿನ ಕಡೆಗೆ ತಿರುಗಿಸಿತು. ಇಂಗ್ಲೆಂಡಿನ ಟ್ರೈಯಾಂಗ್ ಕಂಪನಿ 1957ರಲ್ಲಿ 12 ಮಿಲಿಮೀಟರ್ ಕಂಬಿಯ ರೈಲುಗಳನ್ನು ಹೊರತಂದಿತ್ತು. ಅದರಲ್ಲಿದ್ದ ‘ಬ್ರಿಟಾನಿಯಾ’ ಇಂಜಿನ್ನಿಗೂ ವೈಪಿಯ ಹಾಗೆಯೇ ನಾಲ್ಕು, ಆರು, ಎರಡು ಗಾಲಿ. 1960ರ ದಶಕ ಮುಗಿಯುವ ಮೊದಲೇ ಆ ಮಾಲು ನಿಂತಿತು. ಈಗ ಬೇಕೆಂದರೆ ಹಳೆಯ ಸಾಮಾನು ಮಾರುವ ಆನ್‌ಲೈನ್ ಅಂಗಡಿಗಳೇ ದಾರಿ. ಗಾಲಿ, ಮೋಟಾರು ಇರುವ ಅಡಿಗಟ್ಟು ಅಲ್ಲಿಂದ ಬರುತ್ತದೆ. ಮೇಲಿನ ಬಾಯ್ಲರು, ಕ್ಯಾಬು, ಟೆಂಡರನ್ನು ನಾನು ಹಿತ್ತಾಳೆ ತಗಡಿನಲ್ಲಿ ಕತ್ತರಿಸಿ ಬೆಸೆಯುತ್ತೇನೆ.

ಫೋಟೋ ನೋಡಿ ಕೊಳ್ಳುವ ವ್ಯಾಪಾರ ಇದು, ಕೇಳಿ ಕೊಳ್ಳುವುದು ಇನ್ನೂ ಮುಖ್ಯ. ಮೇಲಿನ ಬಣ್ಣಕ್ಕಿಂತ ಮಗುಚಿ ತೆಗೆದ ಫೋಟೋ ಬೇಕು: ಗಾಲಿ ಸವೆದಿದೆಯೇ, ಹಲ್ಲುಚಕ್ರ ಸೀಳಿದೆಯೇ, ಕಾರ್ಬನ್ ಬ್ರಷ್ ಉಳಿದಿದೆಯೇ. ಹಳೆಯ ಮೋಟಾರಿನ ಅಯಸ್ಕಾಂತ ಸೋತಿದ್ದರೆ ಇಂಜಿನ್ನು ಕರೆಂಟು ಎಳೆದು ಬಿಸಿಯಾಗುತ್ತದೆ, ಓಡುವುದಿಲ್ಲ. ಎರಕದ ಸತುವಿನಲ್ಲಿ ಸೀಸ ಬೆರೆತಿದ್ದರೆ ಲೋಹ ಒಳಗಿಂದ ಬಿರಿದು ಪುಡಿಯಾಗುತ್ತದೆ, ಅದಕ್ಕೆ ಮದ್ದಿಲ್ಲ. 1938ರಲ್ಲಿ ಶುರುವಾದ ಹಾರ್ನ್‌ಬಿ ಡಬ್ಲೊದ ಮೊದಲ ಇಂಜಿನ್ನುಗಳಿಗೆ ಕರೆಂಟಿಗೆಂದೇ ನಡುವೆ ಮೂರನೆಯ ಕಂಬಿ ಬೇಕು. ಎರಡು ಕಂಬಿಯ ದಾರಿಯಲ್ಲಿ ಅವು ಓಡುವುದಿಲ್ಲ. ಒಳ್ಳೆಯ ವ್ಯಾಪಾರಿ ಇದನ್ನೆಲ್ಲ ಕೇಳುವ ಮೊದಲೇ ಬರೆದಿರುತ್ತಾನೆ. ಬರೆಯದವನ ಹತ್ತಿರ ಎಷ್ಟೇ ಅಗ್ಗವಾದರೂ ನಾನು ಕೊಳ್ಳುವುದಿಲ್ಲ.

ಸುಂಕದ ಲೆಕ್ಕವೂ ಇದೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ನೂರಕ್ಕೆ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ದೇಶದ ಆಟಿಕೆ ಕಾರ್ಖಾನೆಗಳು ಬೆಳೆಯಲಿ ಎಂಬ ಉದ್ದೇಶ ನನಗೆ ಒಪ್ಪಿಗೆ. ಚನ್ನಪಟ್ಟಣದ ಮರದ ರೈಲು ಹಿಡಿದು ಬೆಳೆದವನು ನಾನು. ಆದರೆ ಅರವತ್ತು ವರ್ಷದ ಹಿಂದೆ ತಯಾರಿಕೆ ನಿಂತ ಅಡಿಗಟ್ಟಿಗೆ ಇಲ್ಲಿ ಎದುರಾಳಿಯೇ ಇಲ್ಲ. ಮುರುಕು ಇಂಜಿನ್ನನ್ನು ರಿಪೇರಿ ಮಾಡಿ ಊರಿನ ಚರಿತ್ರೆ ಕಟ್ಟುವವರಿಗೆ ಬೇರೆ ಕಲಂ ಇರಬೇಕೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ನನ್ನ ಮೇಜಿನ ಮೇಲೆ ಕ್ಯಾತ್ಸಂದ್ರ, ತುಮಕೂರು, ಗುಬ್ಬಿ, ನಿಟ್ಟೂರು ಸ್ಟೇಷನ್ನುಗಳಿವೆ. ಕುಣಿಗಲ್ಲಿನ ನೆಂಟರು ಬಂದಾಗಲೆಲ್ಲ ತಮ್ಮೂರನ್ನು ಹುಡುಕುತ್ತಾರೆ. ಕುಣಿಗಲ್ಲಿಗೆ ಕುದುರೆ ಫಾರಂ ಬಂದು ಶತಮಾನಗಳೇ ಆದವು, ಆದರೆ ಬೆಂಗಳೂರು–ಹಾಸನ ಲೈನು ಅಲ್ಲಿಂದ ಹಾದು ಪೂರ್ತಿಯಾದದ್ದು 2017ರಲ್ಲಿ, ಅದೂ ನೇರವಾಗಿ ಬ್ರಾಡ್ ಗೇಜಿನಲ್ಲಿ. ತುಮಕೂರು, ಕುಣಿಗಲ್ ಎಂಬ ಒಂದೇ ಜಿಲ್ಲೆಯ ಎರಡು ಊರುಗಳ ನಡುವೆ 133 ವರ್ಷದ ಅಂತರ. ನೆಂಟರ ಮೇಲಿನ ಪ್ರೀತಿಗೆ ನಾನೊಂದು ಸುಳ್ಳು ಸ್ಟೇಷನ್ ಕಟ್ಟಬಹುದಿತ್ತು, ಕಟ್ಟಲಿಲ್ಲ. ಅಷ್ಟು ಕಾಲ ಆ ಊರಿನವರು ರೈಲಿಲ್ಲದೆ ಬದುಕಿದ್ದೂ ಚರಿತ್ರೆಯೇ. ಅದನ್ನು ಅಳಿಸುವ ಹಕ್ಕು ನನಗಿಲ್ಲ.

ಈ ಕೆಲಸಕ್ಕೆ ಕೈಹಾಕುವ ಹುಡುಗರಿಗೆ ನನ್ನದೊಂದೇ ಮಾತು. ಕೊಳ್ಳುವ ಮೊದಲು ನಿಮ್ಮೂರ ಗಾಡಿಯ ಅಳತೆ ತಿಳಿದುಕೊಳ್ಳಿ. 1979ರಿಂದ ಮೈಸೂರಿನಲ್ಲಿ ರೈಲ್ವೆ ಮ್ಯೂಸಿಯಂ ಇದೆ, ಅಲ್ಲಿನ ಮೀಟರ್ ಗೇಜ್ ಇಂಜಿನ್ನುಗಳ ಪಕ್ಕ ನಿಂತು ನೋಡಿ. ಮನೆಯಲ್ಲಿ ರೈಲ್ವೆ ನೌಕರಿ ಮಾಡಿದ ಅಜ್ಜ ಇದ್ದರೆ ಈಗಲೇ ಕೂತು ಕೇಳಿ, ಬರೆದಿಡಿ. ನಮ್ಮ ಗಾಡಿಯನ್ನು ಯಾವ ದೇಶದ ಕಂಪನಿಯೂ ಪೆಟ್ಟಿಗೆಯಲ್ಲಿಟ್ಟು ಕಳಿಸುವುದಿಲ್ಲ. ಅಡಿಗಟ್ಟು ಎಲ್ಲಿಂದಾದರೂ ಬರಲಿ, ಅದರ ಮೇಲೆ ನಮ್ಮ ಲೈನನ್ನು ಸರಿಯಾದ ಅಳತೆಯಲ್ಲಿ ಕಟ್ಟಬೇಕಾದವರು ನಾವೇ.