ಬಳ್ಳಾರಿಯ ಪ್ರಯೋಗವೂ ಮನಸ್ಸಿನ ಆರೈಕೆಯೂ

ಸಿರುಗುಪ್ಪ ಸೀಮೆಯ ಕರೂರಿನಂತಹ ಊರುಗಳಿಂದ ಮನೋರೋಗಿಗಳನ್ನು ದೂರದ ನಗರಕ್ಕೆ ಒಯ್ಯುವ ಬದಲು ಚಿಕಿತ್ಸೆಯನ್ನೇ ಹಳ್ಳಿಯ ಸಮೀಪಕ್ಕೆ ತರಬಹುದೇ? 1985ರಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿ ಇದನ್ನು ಪ್ರಯೋಗಿಸಿತು. 1996ರ ರಾಷ್ಟ್ರೀಯ ಜಿಲ್ಲಾ ಕಾರ್ಯಕ್ರಮಕ್ಕೆ ಇದೇ ಮಾದರಿಯಾಯಿತು. ಔಷಧಿ ಹತ್ತಿರವಾಯಿತು, ಮಾತಿನ ಚಿಕಿತ್ಸೆಗೆ ಬೇಕಾದ ಬಿಡುವು ಮಾತ್ರ ವಿರಳವಾಗಿಯೇ ಉಳಿಯಿತು.

ಸಾಲದ ಭಯ, ಮುಗಿಯದ ಶೋಕ ಜನರ ಬಾಯಲ್ಲಿ ಮೊದಲು ತಲೆನೋವು, ನಿದ್ರಾಹೀನತೆಗಳಾಗಿ ಬರುತ್ತವೆ. ತರಬೇತಿ ಪಡೆದವರೊಬ್ಬರು ತಾಳ್ಮೆಯಿಂದ ಆಲಿಸಿದಾಗ ನೋವಿಗೆ ಹೆಸರು ದೊರೆಯುತ್ತದೆ. ಕಳವಳದ ಆಲೋಚನೆಯನ್ನು ಪರಿಶೀಲಿಸಲು, ಕೈಬಿಟ್ಟ ದಿನಚರಿಗೆ ಮರಳಲು ದಾರಿ ಕಾಣುತ್ತದೆ. ಪಾಪನಿವೇದನೆಯು ಕ್ಷಮೆಯ ಸಂಸ್ಕಾರ. ಈ ಚಿಕಿತ್ಸೆಗೆ ಬದಲಿಯಲ್ಲ. ಖಿನ್ನತೆಯನ್ನು ವಿಶ್ವಾಸದ ಕೊರತೆಯೆಂದು ಬಗೆದು ಕೈಗೆ ಜಪಸರವನ್ನಷ್ಟೇ ಕೊಟ್ಟು ಕಳುಹಿಸಿದ ಗುರುಗಳಲ್ಲಿ ನಾವೂ ಇದ್ದೆವು. ಈಗ ಅಂಥವರೊಡನೆ ಆರೋಗ್ಯ ಕೇಂದ್ರದವರೆಗೆ ನಾವೇ ಹೋಗುತ್ತೇವೆ.